ಆಚಾರ್ರ ಮೇಜು



ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಡುವ ಮೇಜುಗಳನ್ನು ಜೋಡಿಸುವುದು, ಬಿಚ್ಚುವುದು, ಮಟ್ಟ ಹಿಡಿಯುವುದು, ಬಟ್ಟೆ ಹೊದಿಸುವುದು ನನ್ನ ಕಸುಬು. ಬೆಂಗಳೂರಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಕಲಿತೆ. ಆಮೇಲೆ ಹಾಸನ, ಚಿಕ್ಕಮಗಳೂರು, ಕೊಡಗು ಅಂತ ಕಾಫಿ ಸೀಮೆಯ ಕ್ಲಬ್ಬುಗಳಿಗೆ ಓಡಾಡುತ್ತಾ ಬಂದೆ. ಇವತ್ತು ಒಂದು ಮನೆಯ ಮೇಜಿನ ವಿಷಯ ಹೇಳುತ್ತೇನೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಅದರ ಬಗ್ಗೆ ಒಂದು ತಪ್ಪು ಅಭಿಪ್ರಾಯ ಬಂದಿತ್ತು. ಆ ತಪ್ಪನ್ನು ತಿದ್ದಿಕೊಂಡ ಕಥೆಯೂ ಇದರಲ್ಲಿದೆ.

ಮಳೆಗಾಲದ ಕೊನೆಯಲ್ಲಿ ಹಾಸನದಿಂದ ಒಬ್ಬ ತಾಯಿ ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. "ಮೇಸ್ತ್ರಿಗಳೇ, ನಮ್ಮ ಅಪ್ಪಯ್ಯ ಮಾಡಿಸಿದ ಮೇಜು ಒಂದಿದೆ. ದೀಪಾವಳಿಗೆ ಎಲ್ಲರೂ ಬರ್ತಾರೆ. ಅಷ್ಟರೊಳಗೆ ಆಡೋ ಹಾಗೆ ಮಾಡಿಕೊಡೋಕೆ ಆಗುತ್ತಾ?" ಅಂದರು. "ಯಾವ ಕಂಪನಿದಮ್ಮ?" ಅಂತ ಕೇಳಿದೆ. "ಕಂಪನಿ ಯಾವುದೂ ಇಲ್ಲ, ಊರ ಮರಗೆಲಸದ ಆಚಾರ್ರು ಮಾಡಿದ್ದು" ಅಂದರು.

ಹೋಗಿ ನೋಡಿದೆ. ಮೇಜು ಹಿತ್ತಿಲ ಕಡೆಯ ಕೋಣೆಯಲ್ಲಿತ್ತು. ಮೇಲೆ ಹಳೇ ಪತ್ರಿಕೆಗಳ ಕಟ್ಟು, ಒಂದು ಮೂಲೆಯಲ್ಲಿ ಒಣಮೆಣಸಿನಕಾಯಿ ಮೊರ. ಒಂದು ಕಾಲಿನ ಕೆಳಗೆ ಹೆಂಚಿನ ಚೂರು, ಇನ್ನೊಂದರ ಕೆಳಗೆ ಮಡಿಸಿದ ರಟ್ಟು. ಬಟ್ಟೆ ಅಂದರೆ ಸರ್ಕಾರಿ ಕಚೇರಿಯ ಮೇಜಿಗೆ ಹಾಸುತ್ತಿದ್ದಂಥ ಹಸಿರು ಬನಾತು. ಬಣ್ಣ ಹೋಗಿ, ಹುಳು ತಿಂದು, ಅಲ್ಲಲ್ಲಿ ಕಲ್ಲು ಕಾಣುತ್ತಿತ್ತು. ಮರದ ಭಾಗಕ್ಕೆಲ್ಲ ದಪ್ಪನೆಯ ಹಸಿರು ಎನಾಮಲ್ ಪೇಂಟ್ ಬಳಿದಿದ್ದರು.

ನಮ್ಮ ಉಸ್ತಾದರು ಕಲಿಸಿದ ಮೊದಲ ಪಾಠ, ರಸಮಟ್ಟ ತೆಗೆಯುವ ಮುಂಚೆ ಚೆಂಡು ಉರುಳಿಸು ಅನ್ನುವುದು. ಒಂದು ಚೆಂಡನ್ನು ಬಲು ಮೆಲ್ಲಗೆ ಬಿಟ್ಟೆ. ಅದು ನೇರ ಹೋಗದೆ ನಡುವಿಗೆ ವಾಲಿ, ಅಲ್ಲೇ ಒಂದು ಸುತ್ತು ಹಾಕಿ ನಿಂತಿತು. ನಾಲ್ಕೂ ಕಡೆಯಿಂದ ಬಿಟ್ಟರೂ ಅದೇ ಜಾಗ. ಆಮೇಲೆ ಅಳೆದು ನೋಡಿದರೆ ನಡುವೆ 6 ಮಿಲಿಮೀಟರ್ ಕುಸಿದಿತ್ತು. ಪೂಲ್ ಪಂದ್ಯಾವಳಿಯ ಮೇಜಿಗೆ ಉದ್ದಕ್ಕೂ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ಮಾತ್ರ ಒಪ್ಪುತ್ತಾರೆ, ಅಡ್ಡಕ್ಕೆ ಅದರ ಅರ್ಧ. ಗೋಡೆ ಕಡೆಯ ನಡು ಪಾಕೆಟ್ ಗುಡಾಣದ ಬಾಯಿಯಷ್ಟು ಅಗಲ. ಅದೇ ಸಾಲಿನ ಎರಡು ಮೂಲೆ ಪಾಕೆಟ್‌ಗಳಲ್ಲಿ ಚೆಂಡು ಬೀಳದೆ ಸಿಕ್ಕಿಕೊಳ್ಳುತ್ತಿತ್ತು. ಎದುರಿನ ಸಾಲು ಮಾತ್ರ ಸುಮಾರಾಗಿತ್ತು. ಮೇಜು ಮಾಡಿದವರಿಗೆ ಕೆಲಸ ಗೊತ್ತಿರಲಿಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ಅಮ್ಮ ಕಾಫಿ ಕೊಟ್ಟು ಅಪ್ಪಯ್ಯನ ವಿಷಯ ಹೇಳಿದರು. ಅವರು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ತೋಟದ ಸೀಮೆಯವರಿಗೆ ಗೊತ್ತು, ರೈಟರೆಂದರೆ ಹಾಜರಿ, ಬಟವಾಡೆ, ಲೆಕ್ಕ ಎಲ್ಲ ನೋಡಿಕೊಳ್ಳುವವರು. ವಾರಕ್ಕೊಮ್ಮೆ ಸಾಹುಕಾರರ ಸಹಿಗೆ ಕಾಗದ ಹಿಡಿದುಕೊಂಡು ಕ್ಲಬ್ಬಿಗೆ ಹೋಗಬೇಕಿತ್ತು. ಒಳಗೆ ಪ್ರವೇಶವಿಲ್ಲ. ಜಗಲಿಯಲ್ಲಿ ನಿಂತು, ಕಿಟಕಿಯಿಂದ ಆ ದೊಡ್ಡ ಹಸಿರು ಮೇಜನ್ನು ನೋಡುತ್ತಿದ್ದರಂತೆ. ಒಂದು ದಿನ ಮನೆಗೆ ಬಂದು, "ನಮ್ಮ ಮಕ್ಕಳೂ ಆಡಲಿ" ಅಂದು ಆಚಾರ್ರನ್ನು ಕರೆಸಿದರು. ಎಪ್ಪತ್ತರ ದಶಕದ ಮಾತು.

ಅವರು ಕಿಟಕಿಯಿಂದ ನೋಡುತ್ತಿದ್ದ ಸ್ನೂಕರ್ ಹುಟ್ಟಿದ್ದು ಇದೇ ದೇಶದಲ್ಲಿ, 1875ರಲ್ಲಿ, ಜಬಲ್ಪುರದ ಸೇನಾ ಅಧಿಕಾರಿಗಳ ಮೆಸ್ಸಿನಲ್ಲಿ. ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿಸಿದ. 1882ರಲ್ಲಿ ನಮ್ಮ ಗಡಿಯಾಚೆಯ ಊಟಿ ಕ್ಲಬ್ಬಿನಲ್ಲಿ ನಿಯಮಗಳನ್ನು ಬರೆದು ತೂಗುಹಾಕಿದರು. ಮಲೆನಾಡಿನ ಕ್ಲಬ್ಬುಗಳಿಗೆ ಈ ಆಟ ಬಂದದ್ದು ಬ್ರಿಟಿಷ್ ದೊರೆಗಳ ಜೊತೆ. ಇವತ್ತು ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಹತ್ತಿರ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳಿವೆ. ಆದರೆ ಬಹಳ ಕಾಲ ನಮ್ಮ ಜನ ಈ ಆಟವನ್ನು ಕಿಟಕಿಯಾಚೆ ನಿಂತೇ ನೋಡಿದ್ದು. ಒಬ್ಬ ರೈಟರು ಕಣ್ಣಳತೆಯಲ್ಲೇ ಮನೆಗೆ ಒಂದು ಮೇಜು ಮಾಡಿಸಿದರು ಅನ್ನುವುದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಹೇಳಿದೆ. "ಅಮ್ಮ, ಹಳೇ ಮೇಜು ಸವೆದಿದ್ದರೆ ಮೊದಲಿನ ಸ್ಥಿತಿಗೆ ತರಬಹುದು. ಇದು ಮೊದಲಿಂದಲೇ ಸರಿಯಿಲ್ಲದ ಮೇಜು. ಯಾವ ಸ್ಥಿತಿಗೆ ತರಲಿ? ಖರ್ಚು ಹೊಸ ಮೇಜಿನ ಹತ್ತಿರಕ್ಕೇ ಹೋಗುತ್ತದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಚಾರ್ರು ಕೈ ತಪ್ಪಿದರು ಅಂತ ಅಪ್ಪಯ್ಯನೂ ಹೇಳ್ತಾ ಇದ್ರು. ಆದರೂ ಇದೇ ಬೇಕು" ಅಂದರು.

ಆಗ ನಾವಿಬ್ಬರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ಆ ಮನೆಯವರ ಕೈ ತಾಗಿದ ಭಾಗವೆಲ್ಲ ಉಳಿಯಬೇಕು. ಚೆಂಡು ತಾಗುವ ಭಾಗ ನನ್ನ ಲೆಕ್ಕ, ಅಲ್ಲಿ ಬೇಕಾದ್ದನ್ನು ಬದಲಾಯಿಸಬಹುದು. ಅಮ್ಮ ಮೇಜಿನ ಸುತ್ತ ನಡೆದು ತೋರಿಸಿದರು. ಇಲ್ಲಿ ಅಪ್ಪಯ್ಯ ಎಲೆ ಅಡಿಕೆ ತಟ್ಟೆ ಇಡ್ತಿದ್ರು. ಇದು ಅಣ್ಣ ಚಾಕುವಿನಲ್ಲಿ ಕೊರೆದ ಗೀರು. ಪಾಕೆಟ್ಟಿನ ಬಲೆಗಳನ್ನು ನಮ್ಮ ತಾಯಿ ಕೂತು ಹತ್ತಿಯ ದಾರದಲ್ಲಿ ಹೆಣೆದಿದ್ದು.

ಮೊದಲು ಕಲ್ಲಿನ ಕೆಲಸ ಹೇಳುತ್ತೇನೆ. ಬಟ್ಟೆ ಕಿತ್ತರೆ ಅಡಿಯಲ್ಲಿ ಕಡಪ ಕಲ್ಲಿನ ಮೂರು ಚಪ್ಪಡಿ, ಅಡುಗೆಮನೆ ಕಟ್ಟೆಗೆ ಹಾಸುವಂಥದ್ದು. ಆಚಾರ್ರು ಹಲಗೆ ಹಾಸಿ ಮುಗಿಸಬಹುದಿತ್ತು. ಕಲ್ಲೇ ಬೇಕು ಅಂತ ಅವರಿಗೆ ಹೇಗೆ ಹೊಳೆಯಿತೋ. ಇಂಗ್ಲೆಂಡಿನಲ್ಲಿ ಬಹುಕಾಲ ಬಿಲಿಯರ್ಡ್ಸ್ ಮೇಜಿನ ಹಾಸು ಮರದ್ದೇ ಆಗಿತ್ತು. ಜಾನ್ ಥರ್ಸ್ಟನ್ ಎಂಬ ಲಂಡನ್ನಿನ ಮೇಜು ತಯಾರಕ 1826ರ ಸುಮಾರಿಗೆ ಸ್ಲೇಟ್ ಕಲ್ಲು ಹಾಸಿದ. ಮರ ಹವೆಗೆ ಬಾಗುತ್ತದೆ, ಸ್ಲೇಟ್ ಬಾಗುವುದಿಲ್ಲ. ಪದರ ಪದರವಾಗಿ ಸೀಳುತ್ತದೆ, ಉಜ್ಜಿದರೆ ಕನ್ನಡಿಯಂತೆ ಸಪಾಟಾಗುತ್ತದೆ. ಕಡಪ ಕಲ್ಲು ಸ್ಲೇಟ್ ಅಲ್ಲ, ಸುಣ್ಣಕಲ್ಲಿನ ಜಾತಿ. ಆದರೆ ಅದೂ ಪದರವಾಗಿ ಏಳುವ ಕಲ್ಲೇ. ಸಿಕ್ಕಿದ್ದರಲ್ಲಿ ಸರಿಯಾದದ್ದನ್ನೇ ಆರಿಸಿದ್ದರು.

ತಪ್ಪಿದ್ದದ್ದು ಕಲ್ಲಿನ ಕೆಳಗೆ. ಮೂರು ಚಪ್ಪಡಿ ಸೇರಿ 150 ಕಿಲೋ ಮೀರುತ್ತದೆ. ಅಷ್ಟು ಭಾರವನ್ನು ಸಿಲ್ವರ್ ಓಕ್ ಹಲಗೆಗಳ ಮೇಲೆ ಇಟ್ಟಿದ್ದರು, ಅಡ್ಡ ತೊಲೆ ಇಲ್ಲ. ಸಿಲ್ವರ್ ಓಕ್ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಬೆಳೆಸುವ ಮರ. ಬೇಗ ಬೆಳೆಯುತ್ತದೆ, ಹಗುರ, ಸರಿಯಾಗಿ ಒಣಗದಿದ್ದರೆ ತಿರುಚಿಕೊಳ್ಳುತ್ತದೆ. ಕಲ್ಲಿನ ಎರಡು ಸೇರುವೆಗಳೂ ಆಸರೆಯಿಲ್ಲದೆ ನಿಂತಿದ್ದವು. ಅಲ್ಲಿ ತುಂಬಿದ್ದ ಸಿಮೆಂಟು ಒಡೆದು ಪುಡಿಯಾಗಿತ್ತು. ಇದು ಮಾಡಿದವರ ತಪ್ಪೇ, ಅನುಮಾನವಿಲ್ಲ. ಕ್ಲಬ್ಬಿನ ಮೇಜನ್ನು ಬರೀ ಮೇಲಿನಿಂದ ನೋಡಿದವರಿಗೆ ಕೆಳಗಿನ ಚೌಕಟ್ಟು ಕಾಣುವುದು ಹೇಗೆ?

ಹಳೇ ಮನೆ ಕೆಡವಿದ ಕಡೆಯಿಂದ ಮತ್ತಿ ಮರದ ತೊಲೆ ತಂದೆ. ಹತ್ತಾರು ವರ್ಷ ಒಣಗಿದ ಮರ, ಇನ್ನು ಮಿಸುಕುವುದಿಲ್ಲ. ಹೊಸ ಚೌಕಟ್ಟು ಕಟ್ಟಿ, ಪ್ರತಿ ಸೇರುವೆಯ ಕೆಳಗೂ ಒಂದು ಅಡ್ಡ ತೊಲೆ ಕೊಟ್ಟೆ. ಒಂದು ಚಪ್ಪಡಿ ಬಿರುಕು ಬಿಟ್ಟಿತ್ತು, ಅದನ್ನು ಬದಲಾಯಿಸಿದೆ. ಮೂರನ್ನೂ ಗ್ರಾನೈಟ್ ಪಾಲಿಶ್ ಮಾಡುವಲ್ಲಿಗೆ ಕಳಿಸಿ ಮೇಲ್ಮೈ ಸಪಾಟು ಮಾಡಿಸಿ ತಂದೆ. ಹಳೇ ಕಾಲುಗಳು ಗಟ್ಟಿಯಾಗಿದ್ದವು. ಅಡಿಯಲ್ಲಿ ತೂತು ಕೊರೆದು, ತಿರುಗಿಸಿದರೆ ಏರಿಳಿಯುವ ಬೋಲ್ಟು ಕೂರಿಸಿದೆ. ಹೆಂಚಿನ ಚೂರಿಗೂ ರಟ್ಟಿಗೂ ಅವತ್ತೇ ಬಿಡುಗಡೆ ಆಯಿತು.

ಇನ್ನು ಕಲ್ಲು ಎತ್ತುವ ಮುಂಚೆಯೇ ಬಿಚ್ಚಿದ ಮೇಜಿನ ಅಂಚು, ಅಂದರೆ ಚೆಂಡನ್ನು ಹಿಂದಕ್ಕೆ ಪುಟಿಸುವ ಕುಶನ್ ಕೂರುವ ಮರದ ಪಟ್ಟಿಗಳು. ಪೂಲ್ ಮೇಜಿಗೆ ಇಂಥವು ಆರು. ಎರಡು ತುದಿಗೆ ಒಂದೊಂದು, ಉದ್ದದ ಎರಡು ಕಡೆಗೆ ಎರಡೆರಡು. ನಡುವಿನ ಆರು ಸಂದುಗಳೇ ಪಾಕೆಟ್ಟು. ಇವುಗಳ ಮೇಲೆ ಪೇಂಟು ಎಷ್ಟು ದಪ್ಪ ಇತ್ತೆಂದರೆ ಸ್ಕ್ರೂ ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಕಾಯಿತು. ಒಂದು ಪಟ್ಟಿ ಬಿಚ್ಚಿ ಕೆರೆದೆ. ಪೇಂಟಿನ ಕೆಳಗೆ ಹೊಂಬಣ್ಣದ ಮರ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಚಹಾದ ಬಣ್ಣ ಹತ್ತಿತು. ಹೊನ್ನೆ! ಸಕ್ಕರೆ ಕಾಯಿಲೆಯವರು ನೀರು ಹಾಕಿಟ್ಟು ಕುಡಿಯುವ ಲೋಟ ಮಾಡುತ್ತಾರಲ್ಲ, ಅದೇ ಮರ. ಕಾಣದ ಕಡೆ ಸಿಲ್ವರ್ ಓಕ್ ಹಾಕಿ, ಕೈ ಊರುವ ಕಡೆ ಹೊನ್ನೆ ಹಾಕಿದ್ದರು. ಅವತ್ತು ನನ್ನ ತೀರ್ಮಾನ ಸ್ವಲ್ಪ ಅಲುಗಿತು.

ಪಟ್ಟಿಯನ್ನು ಮಗುಚಿ ಹಾಕಿ ಅಡಿಭಾಗವನ್ನೂ ಕೆರೆದೆ. ಉಳಿಯ ಮೊನೆಯಲ್ಲಿ ಕೊರೆದ ಒಂದು ಅಂಕಿ ಕಂಡಿತು. ಕನ್ನಡದ ೪. ಬಡಗಿಗಳು ಹೀಗೆ ಗುರುತು ಹಾಕುತ್ತಾರೆ. ಪಟ್ಟಿಗೆ ಒಂದು ಅಂಕಿ, ಅದು ಕೂರುವ ಜಾಗಕ್ಕೆ ಅದೇ ಅಂಕಿ, ಮತ್ತೆ ಜೋಡಿಸುವಾಗ ಎಡವಟ್ಟಾಗದಿರಲಿ ಅಂತ. ಹಳೇ ಚೌಕಟ್ಟಿನ ಅಂಚಿನಲ್ಲಿ ನಾನು ಅದನ್ನು ಬಿಚ್ಚಿದ ಜಾಗ ಕೆರೆದು ನೋಡಿದೆ. ಅಲ್ಲಿ ಇದ್ದದ್ದು ೩.

ಒಂದು ನಿಮಿಷ ಹಾಗೇ ಕೂತೆ. ಆಮೇಲೆ ಪಕ್ಕದ ಪಟ್ಟಿ ಬಿಚ್ಚಿದೆ. ಅದರ ಮೇಲೆ ೩, ಅದು ಕೂತಿದ್ದ ಜಾಗದಲ್ಲಿ ೪. ಉಳಿದ ನಾಲ್ಕೂ ಸರಿಯಾಗಿ ತಮ್ಮ ತಮ್ಮ ಅಂಕಿಯ ಮೇಲೇ ಇದ್ದವು.

ಇದರ ಅರ್ಥ ಏನೆಂದು ಬಿಡಿಸಿ ಹೇಳುತ್ತೇನೆ. ಉದ್ದದ ಕಡೆಯ ಒಂದು ಪಟ್ಟಿಗೆ ಎರಡು ತುದಿ. ಒಂದು ಮೂಲೆ ಪಾಕೆಟ್ಟಿಗೆ, ಇನ್ನೊಂದು ನಡು ಪಾಕೆಟ್ಟಿಗೆ. ಎರಡರ ಕೊಯ್ತ ಬೇರೆ ಬೇರೆ. ಮೂಲೆಯ ಕೊಯ್ತ ಬಹಳ ಓರೆ, ಪಂದ್ಯದ ಮೇಜಿನಲ್ಲಿ 142 ಡಿಗ್ರಿ. ನಡುವಿನದು ಹೆಚ್ಚುಕಮ್ಮಿ ನೆಟ್ಟಗೆ, 104 ಡಿಗ್ರಿ. ೩ ಮತ್ತು ೪ನ್ನು ಅದಲುಬದಲು ಮಾಡಿದರೆ, ಮೂಲೆಗೆ ಕೊಯ್ದ ಎರಡು ತುದಿಗಳು ನಡುವೆ ಎದುರುಬದುರಾಗುತ್ತವೆ, ಬಾಯಿ ಗುಡಾಣವಾಗುತ್ತದೆ. ನಡುವಿಗೆ ಕೊಯ್ದ ತುದಿಗಳು ಮೂಲೆಗೆ ಹೋಗಿ ದಾರಿ ಕಟ್ಟುತ್ತವೆ. ನಾನು ಮೊದಲ ದಿನ ಪಾಕೆಟ್ಟುಗಳಲ್ಲಿ ನೋಡಿದ ದೋಷ ಪೂರಾ ಇದೇ. ತೂತುಗಳನ್ನೆಲ್ಲ ಆಚಾರ್ರು ಒಂದೇ ಅಳತೆಗೆ ಕರಾರುವಾಕ್ಕಾಗಿ ಕೊರೆದಿದ್ದರು. ಹಾಗಾಗಿ ಯಾವ ಪಟ್ಟಿ ಯಾವ ಜಾಗದಲ್ಲಿಟ್ಟರೂ ಸ್ಕ್ರೂ ಸಲೀಸಾಗಿ ಕೂತುಬಿಡುತ್ತಿತ್ತು.

ಅಮ್ಮನನ್ನು ಕರೆದು ತೋರಿಸಿದೆ. "ಈ ಮೇಜನ್ನು ಯಾವಾಗಲಾದರೂ ಬಿಚ್ಚಿದ್ದರಾ?" ಅಂತ ಕೇಳಿದೆ. "ತೋಟದ ಮನೆ ಬಿಟ್ಟು ಹಾಸನಕ್ಕೆ ಬಂದಾಗ ಲಾರಿಯಲ್ಲಿ ಹಾಕ್ಕೊಂಡು ಬಂದ್ವಿ. ಇಲ್ಲಿ ಯಾರೋ ಜೋಡಿಸಿ ಪೇಂಟ್ ಹೊಡೆದುಕೊಟ್ರು. ನನಗಾಗ ಎಂಟು ವರ್ಷ" ಅಂದರು. ಅಂದವರು ತಕ್ಷಣ ಎದ್ದುಹೋಗಿ ಮೈಸೂರಿನಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿದರು. ಆ ಅಣ್ಣ ಚಿಕ್ಕಂದಿನಿಂದಲೂ "ತೋಟದ ಮನೇಲಿ ಚೆಂಡು ಚೆನ್ನಾಗಿ ಬೀಳ್ತಿತ್ತು" ಅಂತ ಹೇಳುತ್ತಲೇ ಇದ್ದರಂತೆ. ಊರು ಬಿಟ್ಟು ಬಂದ ಹುಡುಗನ ಹಂಬಲ ಅಂತ ಮನೆಯವರು ಅದನ್ನು ತಳ್ಳಿಹಾಕಿದ್ದರು. ಫೋನಿನಲ್ಲಿ ಅಮ್ಮ ಹೇಳಿದ್ದು ನನಗೆ ಕೇಳಿಸಿತು. "ಅಣ್ಣಯ್ಯ, ನೀನು ಹೇಳಿದ್ದು ನಿಜ ಕಣೋ. ಆಚಾರ್ರದು ತಪ್ಪಿರಲಿಲ್ಲ."

ಪಟ್ಟಿಗಳನ್ನು ಅವುಗಳ ಅಂಕಿಯ ಪ್ರಕಾರ ಜೋಡಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದೆವು. ಆಟದ ಹಾಸು 88 ಅಂಗುಲ ಉದ್ದ, 44 ಅಂಗುಲ ಅಗಲ. ಉದ್ದ ಅಗಲದ ಎರಡರಷ್ಟಿರಬೇಕು, ಕುಶನ್ನಿಗೆ ಹೊಡೆದು ಚೆಂಡು ತಿರುಗಿಸುವ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಆಚಾರ್ರು ಆ ಪ್ರಮಾಣ ಬಿಟ್ಟಿರಲಿಲ್ಲ. ಅಮ್ಮ ಲಕೋಟೆಯ ಹಿಂದೆ ವರ್ಗ ಮಾಡಿ, ಕೂಡಿಸಿ, ಮೂಲ ತೆಗೆದು, "ಕರ್ಣ 98 ಅಂಗುಲ, ಮೇಲೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿ" ಅಂದರು. ನಮ್ಮ ಭಾಷೆಯಲ್ಲಿ 98 ಅಂಗುಲ ಮೂರು ನೂಲು. ನೂಲೆಂದರೆ ಅಂಗುಲದ ಎಂಟನೇ ಒಂದು ಭಾಗ. ಒಂದು ಕಡೆ ದಾರ ಸರಿಯಾಗಿ ಅಷ್ಟೇ ಬಂತು, ಇನ್ನೊಂದು ಕಡೆ ಒಂದು ನೂಲು ಹೆಚ್ಚು. ಅಷ್ಟು ವರ್ಷದ ಮಳೆ ಬಿಸಿಲಿನ ಮೇಲೆ ಬರೀ ಒಂದು ನೂಲು!

ಮೂಲೆಗಳ ಕೊಯ್ತ ಕೂಡ ಗಮನಿಸಬೇಕಾದದ್ದು. ಕ್ಲಬ್ಬಿನ ಸ್ನೂಕರ್ ಮೇಜಿನಲ್ಲಿ ಪಾಕೆಟ್ಟಿನ ಬಾಯಿ ದುಂಡಗೆ ಒಳಕ್ಕೆ ತಿರುಗಿರುತ್ತದೆ. ರಬ್ಬರನ್ನು ಹಾಗೆ ದುಂಡಗೆ ತರುವುದು ಆಚಾರ್ರಿಗೆ ಸಾಧ್ಯವಾಗದೆ ನೇರವಾಗಿ ಕೊಯ್ದಿದ್ದರು. ನೇರ ಕೊಯ್ತ ಪೂಲ್ ಮೇಜಿನ ಲಕ್ಷಣ. ಕ್ಲಬ್ಬಿನ ಮೇಜನ್ನು ನೋಡಿ ಶುರು ಮಾಡಿದ್ದು ಹೀಗೆ ಪೂಲ್ ಮೇಜಾಗಿ ಮುಗಿದಿತ್ತು. ಈಗಿನ ಮಕ್ಕಳು ಆಡುವುದೂ ಪೂಲನ್ನೇ, ಅನುಕೂಲವೇ ಆಯಿತು.

ಕುಶನ್ನಿಗೆ ಲಾರಿ ಟ್ಯೂಬನ್ನು ಪದರವಾಗಿ ಸುತ್ತಿ ಹಾಕಿದ್ದರು. ಅದು ಒಣಗಿ ಕಟ್ಟಿಗೆಯಾಗಿತ್ತು, ಚೆಂಡು ಹೋಗಿ ಬಡಿದು ಅಲ್ಲೇ ಕೂರುತ್ತಿತ್ತು. ಅದನ್ನು ಬಿಚ್ಚುವಾಗ ನನಗೆ ಥರ್ಸ್ಟನ್ ಮತ್ತೆ ನೆನಪಾದ. ರಬ್ಬರ್ ಬರುವ ಮುಂಚೆ ಇಂಗ್ಲೆಂಡಿನಲ್ಲೂ ಬಟ್ಟೆಯ ಪಟ್ಟಿಗಳನ್ನೇ ತುಂಬುತ್ತಿದ್ದರು. ಥರ್ಸ್ಟನ್ನನ ಮೊದಲ ರಬ್ಬರ್ ಕುಶನ್‌ಗಳು ಚಳಿಗೆ ಗಟ್ಟಿಯಾಗುತ್ತಿದ್ದವು, ಗಂಧಕ ಸೇರಿಸಿ ಕಾಯಿಸಿದ ರಬ್ಬರ್ ಬಂದ ಮೇಲೆ, 1845ರ ಹೊತ್ತಿಗೆ, ಆ ತಾಪತ್ರಯ ನೀಗಿತು. ನಾನು ಹೊಸ ರಬ್ಬರ್ ಹಾಕಿ, ಅದರ ಮೂಗು ಹಾಸಿನಿಂದ 36 ಮಿಲಿಮೀಟರ್ ಎತ್ತರಕ್ಕೆ ಬರುವ ಹಾಗೆ ಕೂರಿಸಿದೆ. ಪೂಲ್ ಚೆಂಡಿನ ಅಡ್ಡಳತೆ 57 ಮಿಲಿಮೀಟರ್. ಕುಶನ್ ಅದರ ನಡುವಿಗಿಂತ ಸ್ವಲ್ಪ ಮೇಲೆ ತಾಗಬೇಕು. ಕೆಳಗಾದರೆ ಚೆಂಡು ಎಗರುತ್ತದೆ, ತೀರ ಮೇಲಾದರೆ ಹಾಸಿಗೆ ಒತ್ತಿಕೊಂಡು ವೇಗ ಕಳೆದುಕೊಳ್ಳುತ್ತದೆ.

ಕಲ್ಲು ಕೂರಿಸಿ ಮಟ್ಟ ಹಿಡಿಯುವುದಕ್ಕೆ ಎರಡು ದಿನ ಬೇಕಾಯಿತು. ತೊಲೆಗೂ ಕಲ್ಲಿಗೂ ನಡುವೆ ತೆಳು ಹಿತ್ತಾಳೆ ತಗಡಿನ ಚೂರು ತೂರಿಸುತ್ತಾ, ರಸಮಟ್ಟ ನೋಡುತ್ತಾ, ಚೆಂಡು ಉರುಳಿಸುತ್ತಾ ಹೋಗಬೇಕು. ಸೇರುವೆಗೆ ಜೇನುಮೇಣ ಕಾಯಿಸಿ ತುಂಬಿ, ಆರಿದ ಮೇಲೆ ಅಲಗಿನಿಂದ ಹೆರೆದೆ. ಬೆರಳಿಟ್ಟು ಸವರಿದರೆ ಸೇರುವೆ ಎಲ್ಲಿದೆ ಅಂತ ತಿಳಿಯಬಾರದು. ಉಣ್ಣೆಯ ಹೊಸ ಬಟ್ಟೆ ಎಳೆದು ಹೊದಿಸಿದೆ. ಬಲೆಗಳನ್ನು ಅಮ್ಮನೇ ಸೀಗೆಕಾಯಿ ನೀರಲ್ಲಿ ತೊಳೆದು, ಹರಿದ ಎಳೆಗಳನ್ನು ತಾಯಿ ಹಾಕಿದ ಗಂಟಿನ ಹಾಗೇ ಗಂಟು ಹಾಕಿಕೊಟ್ಟರು. ಬಲೆಯ ಒಳಗೆ ಗಟ್ಟಿ ನೈಲಾನ್ ಬಲೆ ಒಂದನ್ನು ಕಾಣದ ಹಾಗೆ ಕಟ್ಟಿದೆ, ಚೆಂಡಿನ ಭಾರ ಅದರ ಮೇಲೆ ಬೀಳಲಿ ಅಂತ. ಹೊನ್ನೆ ಪಟ್ಟಿಗಳ ಪೇಂಟ್ ಪೂರಾ ತೆಗೆದು ಎಣ್ಣೆ ಮಾತ್ರ ಹಚ್ಚಿದೆ. ಅಣ್ಣ ಕೊರೆದ ಗೀರು, ಎಲೆ ಅಡಿಕೆ ತಟ್ಟೆಯ ದುಂಡು ಕಲೆ, ಎರಡೂ ಹಾಗೇ ಇವೆ.

ಪಂದ್ಯಾವಳಿ ಆಡಿಸುವ ಮೇಜು ಅದಲ್ಲ. ಕಡಪ ಕಲ್ಲು 20 ಮಿಲಿಮೀಟರ್ ದಪ್ಪ, ಪಂದ್ಯದ ಸ್ಲೇಟ್ 25 ಮಿಲಿಮೀಟರ್ ಮೀರಿರಬೇಕು. ಅದನ್ನೂ ಅಮ್ಮನಿಗೆ ಹೇಳಿದ್ದೇನೆ. ಮನೆಮಂದಿಯ ಆಟಕ್ಕೆ ಯಾವ ಕೊರತೆಯೂ ಇಲ್ಲ.

ದೀಪಾವಳಿಗೆ ಅವರು ನನ್ನನ್ನೂ ಕರೆದಿದ್ದರು. ಆಚಾರ್ರು ತೀರಿಕೊಂಡು ಬಹಳ ವರ್ಷವಾಗಿದೆ. ಅವರ ಮಗನನ್ನು ಹುಡುಕಿಸಿ, ಸಕಲೇಶಪುರದ ಕಡೆಯಿಂದ ಕರೆಸಿದ್ದರು. ಅರವತ್ತು ದಾಟಿದವರು, ಅವರೂ ಮರಗೆಲಸದವರೇ. ಬಂದವರು ಬಟ್ಟೆಯನ್ನೂ ಚೆಂಡುಗಳನ್ನೂ ನೋಡಲಿಲ್ಲ. ಮಂಡಿಯೂರಿ ಕೂತು, ಅಂಚಿನ ಕೆಳಗೆ ಕೈಹಾಕಿ, ಹೆಬ್ಬೆರಳಿನಲ್ಲಿ ಸವರಿದರು. ನಾನು ಟಾರ್ಚ್ ಹಿಡಿದೆ. "ಅಪ್ಪನ ಮೂರು ಹೀಗೇ, ಬಾಲ ಉದ್ದ" ಅಂದರು. ಅಮ್ಮ ಅವರ ಎದುರು ಕೈಮುಗಿದು, "ಇಷ್ಟು ವರ್ಷ ನಿಮ್ಮ ತಂದೆಯವರ ಮೇಲೆ ತಪ್ಪು ಹೊರಿಸಿದ್ವಿ" ಅಂದರು. ಮೊದಲ ಹೊಡೆತ ಅವರ ಕೈಯಲ್ಲೇ ಹೊಡೆಸಿದರು.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲೂ ಊರ ಬಡಗಿ ಮಾಡಿದ ಮಂಚವೋ, ಬೀರುವೋ, ತೊಟ್ಟಿಲೋ ಇದ್ದರೆ, ಮನೆ ಬದಲಾಯಿಸುವಾಗ ಬಿಚ್ಚುವ ಮುಂಚೆ ಅದರ ಅಡಿಭಾಗ, ಸೇರುವೆಗಳ ಒಳಗಡೆ ಒಮ್ಮೆ ನೋಡಿ. ಅಂಕಿಯೋ ಗೆರೆಯೋ ಇದ್ದರೆ ಬರೆದಿಟ್ಟುಕೊಳ್ಳಿ, ಜೋಡಿಸುವವರಿಗೆ ತೋರಿಸಿ. ದಯವಿಟ್ಟು ಅದರ ಮೇಲೆ ಪೇಂಟ್ ಬಳಿಯಬೇಡಿ.